ಹದಿನೈದು ಹಡಗು, 76 ಕೋಟಿ ಕಾರು: ನಮ್ಮ ಕಾಫಿ ಹೊರುವ ಹಡಗಿನ ಹೊಗೆ ನಿಜಕ್ಕೂ ಎಷ್ಟು?

ಹಾನುಬಾಳು ತೋಟ

ನಮ್ಮ ಕಾಫಿ ಕೊಳ್ಳುವ ರಫ್ತುದಾರರು ಈ ಬಾರಿ ನಾಲ್ಕು ಪುಟದ ಪ್ರಶ್ನಾವಳಿ ಕಳುಹಿಸಿದ್ದಾರೆ. ಯುರೋಪಿನ ಖರೀದಿದಾರರು ಕೇಳುತ್ತಿದ್ದಾರಂತೆ. ಕಾಡು ಕಡಿದು ತೋಟ ಮಾಡಿಲ್ಲ ಎಂದು ತೋರಿಸಲು ಅಕ್ಷಾಂಶ, ರೇಖಾಂಶ ಕೊಟ್ಟದ್ದಾಯಿತು. ಈಗ ಯೂರಿಯಾ ಎಷ್ಟು ಮೂಟೆ, ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಲು ಡೀಸೆಲ್ ಎಷ್ಟು ಲೀಟರ್, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಕರೆಂಟ್ ಎಷ್ಟು ಯೂನಿಟ್ ಎಂಬ ವಿಚಾರಣೆ. ಅದೂ ಇರಲಿ. ಕೊನೆಯ ಪುಟದಲ್ಲಿ ‘ಸಾಗಣೆಯ ಇಂಗಾಲ’ ಎಂಬ ಖಾನೆ ಇದೆ. ಹಡಗು ನಾನು ಓಡಿಸುತ್ತೇನೆಯೇ?

ಅದೇ ಹೊತ್ತಿಗೆ ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಬಂದಿದೆ. ಜಗತ್ತಿನ ಹದಿನೈದು ದೊಡ್ಡ ಹಡಗುಗಳು ಸೇರಿ 76 ಕೋಟಿ ಕಾರುಗಳಷ್ಟು ಮಾಲಿನ್ಯ ಮಾಡುತ್ತವೆಯಂತೆ. ಇದು ನಿಜವಾದರೆ ನಾನು ಸಿಲ್ವರ್ ಓಕ್ ಜಾಗದಲ್ಲಿ ಕಾಡುಮರ ಬೆಳೆಸಿ, ಪಂಪ್‌ಸೆಟ್ ಡೀಸೆಲ್ ಲೆಕ್ಕ ಬರೆದು ಕೊಟ್ಟು ಏನು ಬಂತು? ಈ ಗುಂಪಿನಲ್ಲಿ ಹಡಗಿನ ಕೆಲಸ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬೇಲೂರು ರಸ್ತೆ ಲಾರಿ

ಶಿರಾಡಿ ಘಾಟಿಯಲ್ಲಿ ನಮ್ಮ ಲಾರಿ ಹೊಗೆ ಬಿಟ್ಟರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಹಡಗಿನ ಹೊಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಷ್ಟೇ ವ್ಯತ್ಯಾಸ.

ಎಂಜಿನ್ ರೂಮ್, ಹಾಸನ

ತೋಟದವರೇ, ವ್ಯಾಪಾರಿ ಹಡಗುಗಳ ಎಂಜಿನ್ ವಿಭಾಗದಲ್ಲಿ ದುಡಿದು ನಿವೃತ್ತನಾಗಿ ಹಾಸನದಲ್ಲಿದ್ದೇನೆ. ಈ ಹದಿನೈದು ಹಡಗಿನ ಮಾತು 2009ರಿಂದ ಓಡಾಡುತ್ತಿದೆ. ಲೆಕ್ಕ ಬಿಡಿಸಿದರೆ ಅದರ ಬೇರು ಸಿಗುತ್ತದೆ.

ಆ ಕಾಲದ ಭಾರೀ ಕಂಟೇನರ್ ಹಡಗು ಪೂರ್ಣ ವೇಗದಲ್ಲಿ ದಿನಕ್ಕೆ ಸುಮಾರು 200 ಟನ್ ಇಂಧನ ಸುಡುತ್ತಿತ್ತು. ವರ್ಷಕ್ಕೆ 280 ದಿನ ಓಡಿತು ಎಂದುಕೊಳ್ಳಿ, 56,000 ಟನ್. ಆಗ ಇಂಧನದಲ್ಲಿ ಶೇ 4.5ರವರೆಗೆ ಗಂಧಕ ಇರಲು ಅನುಮತಿ ಇತ್ತು. ಗಂಧಕ ಸುಟ್ಟಾಗ ಆಮ್ಲಜನಕ ಸೇರಿಕೊಂಡು ತೂಕ ಎರಡರಷ್ಟಾಗುತ್ತದೆ. ಅಲ್ಲಿಗೆ ಒಂದು ಹಡಗಿನಿಂದ ವರ್ಷಕ್ಕೆ ಸುಮಾರು 5,000 ಟನ್ ಗಂಧಕದ ಆಕ್ಸೈಡ್. ಒಂದು ಕಾರು ವರ್ಷಕ್ಕೆ ಹೊರಬಿಡುವುದು ಸುಮಾರು 100 ಗ್ರಾಂ. ಭಾಗಿಸಿ ಹದಿನೈದರಿಂದ ಗುಣಿಸಿದರೆ 76 ಕೋಟಿ ಹತ್ತಿರ ಬಂದು ನಿಲ್ಲುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ಗಂಧಕದ ಲೆಕ್ಕ ಮಾತ್ರ. ಕಾರಿನ ಪೆಟ್ರೋಲಿನಲ್ಲಿ ಗಂಧಕವನ್ನು ಬಹುತೇಕ ತೆಗೆದಿರುತ್ತಾರೆ, ಹಾಗಾಗಿ ಅನುಪಾತ ಆಕಾಶಕ್ಕೇರುತ್ತದೆ.

ಅದೇ ಹದಿನೈದು ಹಡಗುಗಳ ಇಂಗಾಲದ ಡೈಆಕ್ಸೈಡ್ ಲೆಕ್ಕ ಹಾಕಿ. ಒಂದು ಟನ್ ಇಂಧನ ಸುಟ್ಟರೆ 3.1 ಟನ್. ಹದಿನೈದೂ ಸೇರಿ ವರ್ಷಕ್ಕೆ 26 ಲಕ್ಷ ಟನ್. ವರ್ಷಕ್ಕೆ 12,000 ಕಿ.ಮೀ. ಓಡುವ ಪೆಟ್ರೋಲ್ ಕಾರು ಸುಮಾರು 2 ಟನ್ ಬಿಡುತ್ತದೆ. ಅಂದರೆ 13 ಲಕ್ಷ ಕಾರು. 76 ಕೋಟಿ ಎಲ್ಲಿ, 13 ಲಕ್ಷ ಎಲ್ಲಿ! ಸಂದೇಶ ಮುಂದೆ ತಳ್ಳಿದವರು ‘ಗಂಧಕ’ ಎಂಬ ಒಂದು ಪದವನ್ನು ದಾರಿಯಲ್ಲಿ ಬೀಳಿಸಿಬಿಟ್ಟಿದ್ದಾರೆ.

ಇನ್ನೊಂದು ವಿಷಯ. 2020ರ ಜನವರಿ 1ರಿಂದ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಗಂಧಕದ ಮಿತಿಯನ್ನು ಶೇ 3.5ರಿಂದ ಶೇ 0.5ಕ್ಕೆ ಇಳಿಸಿದೆ. ಮೊದಲಿನ ಶೇ 4.5 ನಡುವೆ ಶೇ 3.5ಕ್ಕೆ ಇಳಿದಿತ್ತು. ಆ ಹಡಗಿನ 5,000 ಟನ್ ಇವತ್ತು 560 ಟನ್.

ಕೈಮರ ಹುಡುಗ

ಸರ್, 560 ಟನ್ ಎಂದರೆ ಕಡಿಮೆಯೇ? ನನ್ನ ಬೈಕಿಗೆ ಭಾರತ್ ಸ್ಟೇಜ್ 6 ಬೇಕು, ಹೊಗೆ ತಪಾಸಣೆಯ ಚೀಟಿ ಇಲ್ಲದಿದ್ದರೆ ದಂಡ. ಹಡಗಿಗೆ ಏಕೆ ಈ ರಿಯಾಯಿತಿ?

ಎಂಜಿನ್ ರೂಮ್, ಹಾಸನ

ಕಡಿಮೆ ಎಂದು ನಾನು ಹೇಳಿಲ್ಲ. ಬಂಕಿನ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲು. ಹಡಗಿನ ಹೊಸ ಮಿತಿ ಎಂದರೆ ಹತ್ತು ಲಕ್ಷಕ್ಕೆ ಐದು ಸಾವಿರ ಪಾಲು. ಐನೂರು ಪಟ್ಟು. ಹಳೆಯ ಮಿತಿಯಲ್ಲಿ ಮೂರೂವರೆ ಸಾವಿರ ಪಟ್ಟು ಇತ್ತು.

ಇದಕ್ಕೆ ಕಾರಣ ಇಂಧನದ ಹುಟ್ಟಿನಲ್ಲೇ ಇದೆ. ಕಚ್ಚಾತೈಲದಿಂದ ಗ್ಯಾಸ್, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಎಲ್ಲ ಬೇರ್ಪಡಿಸಿದ ಮೇಲೆ ತಳದಲ್ಲಿ ಉಳಿಯುವುದೇ ಹಡಗಿನ ಭಾರದ ಎಣ್ಣೆ. ಅದರ ಪಕ್ಕದ ದರ್ಜೆಯನ್ನು ನೀವು ರಸ್ತೆಯಲ್ಲಿ ನೋಡುತ್ತೀರಿ, ಡಾಂಬರು. ತಣ್ಣಗಿದ್ದಾಗ ಜೋನಿಬೆಲ್ಲದ ಹಾಗೆ ಎಳೆ ಎಳೆಯಾಗಿ ಬೀಳುತ್ತದೆ, ಪಂಪ್ ಎತ್ತುವುದಿಲ್ಲ. ಟ್ಯಾಂಕಿನೊಳಗೆ ಹಬೆಯ ಕೊಳವೆ ಸುತ್ತಿ ಬಿಸಿ ಮಾಡಬೇಕು. ನಂತರ ನೀರು, ಮಡ್ಡಿ ಬೇರೆಯಾಗಲು 98 ಡಿಗ್ರಿಯಲ್ಲಿ ಪ್ಯೂರಿಫೈಯರ್ ಎಂಬ ಗಿರಕಿ ಯಂತ್ರಕ್ಕೆ ಕೊಡಬೇಕು. ಎಂಜಿನ್‌ಗೆ ಚಿಮ್ಮಿಸುವ ಮೊದಲು ಇನ್ನೂ ಕಾಯಿಸಿ 130 ಡಿಗ್ರಿ ದಾಟಿಸಬೇಕು. ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಎಂದರೆ ಅರ್ಧ ಆಯಸ್ಸು ಈ ಎಣ್ಣೆಯ ಸೇವೆಯೇ. ಮೈಗೆ ಹತ್ತಿದ ಮಸಿ ಎರಡು ಸ್ನಾನಕ್ಕೆ ಹೋಗುವುದಿಲ್ಲ.

ರಿಯಾಯಿತಿ ಎಲ್ಲ ಕಡೆಯೂ ಇಲ್ಲ. ಬಾಲ್ಟಿಕ್, ಉತ್ತರ ಸಮುದ್ರ, ಉತ್ತರ ಅಮೆರಿಕದ ಕರಾವಳಿಗಳಲ್ಲಿ 2015ರಿಂದ ಮಿತಿ ಶೇ 0.1. ಮೆಡಿಟರೇನಿಯನ್‌ನಲ್ಲಿ 2025ರ ಮೇ 1ರಿಂದ. ಗಡಿ ಬರುವ ಕೆಲವು ಗಂಟೆ ಮೊದಲೇ ನಾವು ಇಂಧನ ಬದಲಿಸಲು ಶುರು ಮಾಡಬೇಕು. ಬಿಸಿ ಭಾರದ ಎಣ್ಣೆಯಿಂದ ತಣ್ಣನೆಯ ಗ್ಯಾಸ್ ಆಯಿಲ್‌ಗೆ (ಡೀಸೆಲ್‌ನಂತಹ ತೆಳು ಎಣ್ಣೆ) ಹೋಗುವಾಗ ನಿಮಿಷಕ್ಕೆ ಎರಡು ಡಿಗ್ರಿಗಿಂತ ವೇಗವಾಗಿ ತಾಪ ಇಳಿಸಬಾರದು. ಇಳಿಸಿದರೆ ಫ್ಯೂಯೆಲ್ ಪಂಪಿನ ಪ್ಲಂಜರ್ ಸಿಕ್ಕಿಹಾಕಿಕೊಳ್ಳುತ್ತದೆ, ಎಂಜಿನ್ ನಿಲ್ಲುತ್ತದೆ, ಅದೂ ಹಡಗುಗಳ ಸಂದಣಿ ಇರುವ ಕಡಲಿನಲ್ಲಿ. ಬದಲಾವಣೆ ಮುಗಿದ ಗಳಿಗೆ, ಹಡಗು ಇದ್ದ ಜಾಗ, ಟ್ಯಾಂಕಿನ ಮಟ್ಟ ಎಲ್ಲವೂ ಲಾಗ್ ಪುಸ್ತಕಕ್ಕೆ ಹೋಗಬೇಕು. ಎಣ್ಣೆ ತುಂಬಿಸಿಕೊಂಡಾಗ ತೆಗೆದ ಮಾದರಿ ಬಾಟಲಿಗೆ ಮೊಹರು ಹಾಕಿ ಕನಿಷ್ಠ ಒಂದು ವರ್ಷ ಇಡಬೇಕು. ನಿನ್ನ ಬೈಕಿನ ಚೀಟಿಗಿಂತ ಬಿಗಿಯಾಗಿದೆ, ತಮ್ಮ. ಆದರೆ ನಮ್ಮ ಅರಬ್ಬಿ ಸಮುದ್ರ ಆ ಪಟ್ಟಿಯಲ್ಲಿ ಇಲ್ಲ.

ಕರಾವಳಿ ಸೊಸೆ

ಮೂಡಿಗೆರೆಯಲ್ಲಿ ಹುಟ್ಟಿ ಬಂದರಿನ ಊರಿಗೆ ಮದುವೆಯಾಗಿ ಬಂದವಳು ನಾನು. ಮೇಲಿನ ಕೊನೆಯ ವಾಕ್ಯವೇ ನನ್ನ ದೂರು. ಅದೇ ಹಡಗು, ಅದೇ ಎಂಜಿನ್. ಇಟಲಿ ಹತ್ತಿರ ಬಂದಾಗ ಒಳ್ಳೆಯ ಎಣ್ಣೆ, ನಮ್ಮ ಕಡೆ ಇದ್ದಾಗ ಕೆಟ್ಟ ಎಣ್ಣೆ. ನಮ್ಮ ಶ್ವಾಸಕೋಶ ಅಗ್ಗವೇ?

ಇಲ್ಲಿ ರಾತ್ರಿ ಮಹಡಿ ಮೇಲೆ ನಿಂತರೆ ಲಂಗರು ಹಾಕಿ ಸರದಿಗೆ ಕಾಯುವ ಹಡಗುಗಳ ದೀಪದ ಸಾಲು ಕಾಣುತ್ತದೆ. ಮೊದಲು ಅದನ್ನು ನೋಡಲು ನೆಂಟರನ್ನು ಕರೆದುಕೊಂಡು ಹೋಗುತ್ತಿದ್ದೆ. ಆ ದೀಪ ಉರಿಯುವುದು ಯಾವ ಕರೆಂಟಿನಿಂದ ಎಂದು ಯಾರೂ ಕೇಳುವುದಿಲ್ಲ. ನಿಂತ ಹಡಗಿನಲ್ಲೂ ಜನರೇಟರ್ ಓಡುತ್ತಲೇ ಇರುತ್ತದೆ. ಅತ್ತೆಯವರಿಗೆ ಅಸ್ತಮಾ.

ಭೌತಶಾಸ್ತ್ರ ಪಾಠ, ಚಿಕ್ಕಮಗಳೂರು

ಮೇಡಂ, ನಿಮ್ಮ ಮಾತಿಗೆ ಬಲ ಇದೆ. ಹಡಗುಗಳ ಹೊಗೆಯ ಸುಮಾರು ಶೇ 70 ಪಾಲು ತೀರದಿಂದ 400 ಕಿ.ಮೀ. ಒಳಗೇ ಬೀಳುತ್ತದೆ. ನಡುಸಮುದ್ರದ ಸಮಸ್ಯೆ ಎಂದು ಕೈ ತೊಳೆದುಕೊಳ್ಳುವಂತಿಲ್ಲ. 2018ರಲ್ಲಿ ‘ನೇಚರ್ ಕಮ್ಯುನಿಕೇಶನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಅಂದಾಜು ಹೀಗಿತ್ತು: ಹಳೆಯ ಇಂಧನವೇ ಮುಂದುವರಿದಿದ್ದರೆ ಹಡಗಿನ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಅಕಾಲ ಮರಣ, ಮಕ್ಕಳಲ್ಲಿ 1.4 ಕೋಟಿ ಅಸ್ತಮಾ ಪ್ರಕರಣ. ಶೇ 0.5ರ ಮಿತಿ ಬಂದ ಮೇಲೂ 2.5 ಲಕ್ಷ ಮರಣ, 64 ಲಕ್ಷ ಅಸ್ತಮಾ ಪ್ರಕರಣ ಉಳಿಯುತ್ತವೆ. ಕಡಿಮೆ ಗಂಧಕದ ಎಣ್ಣೆ ದುಬಾರಿ ಎಂದು ಗೊಣಗುವ ಮೊದಲು ಈ ಸಂಖ್ಯೆಗಳನ್ನು ಎದುರಿಗಿಟ್ಟುಕೊಳ್ಳಬೇಕು.

ಇದರಲ್ಲಿ ಒಂದು ತೊಡಕೂ ಇದೆ. ಗಂಧಕದ ಕಣಗಳು ಕಡಲ ಮೇಲಿನ ಮೋಡದ ಹನಿಗಳಿಗೆ ಬೀಜವಾಗುತ್ತವೆ, ಮೋಡ ಹೆಚ್ಚು ಬೆಳ್ಳಗಾಗಿ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಉಪಗ್ರಹದ ಚಿತ್ರಗಳಲ್ಲಿ ಹಡಗು ಹೋದ ದಾರಿಯಲ್ಲೇ ಉದ್ದನೆಯ ಬಿಳಿ ಗೆರೆಗಳು ಕಾಣುತ್ತಿದ್ದವು. 2020ರ ನಂತರ ಆ ಗೆರೆಗಳು ಬಹಳ ಕಡಿಮೆಯಾದವು. ಗಾಳಿ ಶುದ್ಧವಾಯಿತು, ಜೊತೆಗೆ ಅಷ್ಟು ದಿನ ಮರೆಯಾಗಿದ್ದ ಸ್ವಲ್ಪ ಬಿಸಿ ಹೊರಗೆ ಬಂತು. ಹಾಗೆಂದು ಗಂಧಕ ಮತ್ತೆ ಸುಡಬೇಕು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಭೂಮಿ ತಂಪಾಗಿಡಲು ಯಾರದೋ ಮಗುವಿಗೆ ಉಬ್ಬಸ ಬರಿಸುವುದು ಯಾವ ನ್ಯಾಯ?

ಎಂಜಿನ್ ರೂಮ್, ಹಾಸನ

ಮೇಡಂಗಳು ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ಒಂದು, ಸ್ಕ್ರಬ್ಬರ್. ಚಿಮಣಿಯಲ್ಲಿ ಹೊಗೆಯನ್ನು ಸಮುದ್ರದ ನೀರಿನಿಂದ ತೊಳೆಯುವ ಯಂತ್ರ. ಅದಿದ್ದರೆ ಹಳೆಯ ಗಂಧಕದ ಎಣ್ಣೆಯನ್ನೇ ಸುಡಬಹುದು ಎಂದು ನಿಯಮ. ನಾಲ್ಕು ಸಾವಿರಕ್ಕೂ ಹೆಚ್ಚು ಹಡಗುಗಳಲ್ಲಿ ಇದೆ. ಬಹಳಷ್ಟು ಕಡೆ ತೊಳೆದ ಆಮ್ಲದ ನೀರು ನೇರವಾಗಿ ಸಮುದ್ರಕ್ಕೇ ಹೋಗುತ್ತದೆ. ನನ್ನ ಕೈಯಾರೆ ಓಡಿಸಿದ್ದೇನೆ, ಆದರೂ ಹೇಳುತ್ತೇನೆ: ಇದು ಕಸವನ್ನು ಅಂಗಳದಿಂದ ಹಿತ್ತಲಿಗೆ ಗುಡಿಸುವ ಕೆಲಸ. ಸಿಂಗಪುರ 2020ರಿಂದಲೇ ತನ್ನ ಬಂದರಿನಲ್ಲಿ ಅದನ್ನು ಬಿಡಲು ಅವಕಾಶ ಕೊಟ್ಟಿಲ್ಲ.

ಎರಡು, ದಡದ ಕರೆಂಟ್. ಕಟ್ಟೆಗೆ ಬಂದ ಹಡಗು ಜನರೇಟರ್ ನಿಲ್ಲಿಸಿ ದಪ್ಪ ಕೇಬಲ್ ಮೂಲಕ ದಡದಿಂದ ವಿದ್ಯುತ್ ಪಡೆಯಬಹುದು. ಕ್ಯಾಲಿಫೋರ್ನಿಯದಲ್ಲಿ 2014ರಿಂದ ಕಡ್ಡಾಯ, ಯುರೋಪಿನ ದೊಡ್ಡ ಬಂದರುಗಳಲ್ಲಿ ಕಂಟೇನರ್ ಹಡಗುಗಳಿಗೆ 2030ರಿಂದ. ನಮ್ಮ ವಿದ್ಯುತ್ತಿನ ದೊಡ್ಡ ಪಾಲು ಕಲ್ಲಿದ್ದಲಿನದು, ಹಾಗಾಗಿ ಇಂಗಾಲದಲ್ಲಿ ಭಾರೀ ಉಳಿತಾಯ ಇಲ್ಲ. ಆದರೆ ಬಂದರಿನ ಪಕ್ಕದ ಮನೆಯ ಮೇಲೆ ಬೀಳುವ ಹೊಗೆ ನಿಲ್ಲುತ್ತದೆ. ಲಂಗರು ಹಾಕಿ ನಿಂತವುಗಳಿಗೆ ಮಾತ್ರ ಈ ಉಪಾಯ ನಡೆಯದು, ಕೇಬಲ್ ಅಲ್ಲಿಯವರೆಗೆ ಹೋಗುವುದಿಲ್ಲ.

ಕ್ಯೂರಿಂಗ್ ಲೆಕ್ಕ

ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆ) ರಫ್ತಿನ ಕಾಗದಪತ್ರ ನೋಡುವವನು ನಾನು. ತೋಟದವರ ಖಾನೆಗೆ ಉತ್ತರ ಕೊಡುತ್ತೇನೆ.

ಒಂದು 20 ಅಡಿ ಕಂಟೇನರ್‌ಗೆ 60 ಕಿಲೋದ 320 ಚೀಲ, ಒಟ್ಟು 19.2 ಟನ್ ಕಾಫಿ. ಹಾಸನದಿಂದ ಮಂಗಳೂರು ಬಂದರಿರುವ ಪಣಂಬೂರಿಗೆ ಸುಮಾರು 180 ಕಿ.ಮೀ. ಲಾರಿ ತುಂಬಿಕೊಂಡು ಇಳಿದು ಖಾಲಿ ಪೆಟ್ಟಿಗೆಯೊಂದಿಗೆ ಹತ್ತಲು ನೂರು ಲೀಟರ್ ಡೀಸೆಲ್ ಎಂದು ಇಟ್ಟುಕೊಳ್ಳಿ. 268 ಕಿಲೋ ಇಂಗಾಲದ ಡೈಆಕ್ಸೈಡ್. ಒಂದು ಕಿಲೋ ಕಾಫಿಯ ಪಾಲಿಗೆ 14 ಗ್ರಾಂ.

ಹಡಗು ಮಂಗಳೂರಿನಿಂದ ಸೂಯೆಜ್ ಮಾರ್ಗವಾಗಿ ಇಟಲಿಯ ಜೆನೋವಾಕ್ಕೆ ಸುಮಾರು 8,500 ಕಿ.ಮೀ. ಟನ್-ಕಿಲೋಮೀಟರಿಗೆ, ಅಂದರೆ ಒಂದು ಟನ್ ಸರಕು ಒಂದು ಕಿ.ಮೀ. ಸಾಗಲು, 12 ಗ್ರಾಂ ಎಂದು ಹಿಡಿದರೆ ಕಿಲೋ ಕಾಫಿಗೆ 102 ಗ್ರಾಂ. ಅಂದರೆ ಲಾರಿಯ ದೂರ ಒಟ್ಟು ದಾರಿಯಲ್ಲಿ ನೂರಕ್ಕೆ ಎರಡು, ಇಂಗಾಲದಲ್ಲಿ ನೂರಕ್ಕೆ ಹನ್ನೆರಡು. ಇನ್ನೊಂದು ನೋಡಿ. ಖರೀದಿದಾರರಿಗೆ ಒಂದು ಕಿಲೋ ಮಾದರಿ ಕಾಫಿಯನ್ನು ವಿಮಾನದಲ್ಲಿ ಕಳುಹಿಸುತ್ತೇವಲ್ಲ, ಅದಕ್ಕೆ ನಾಲ್ಕು ಕಿಲೋ ಹತ್ತಿರ ಬೀಳುತ್ತದೆ. ಹಡಗಿನ ನಲವತ್ತು ಪಟ್ಟು. ಪ್ರಶ್ನಾವಳಿಯಲ್ಲಿ ಮಾದರಿಯ ಬಗ್ಗೆ ಖಾನೆಯೇ ಇಲ್ಲ.

ಕಾಫಿಯ ಪೂರ್ತಿ ಇಂಗಾಲದಲ್ಲಿ ಸಮುದ್ರದ ಪಾಲು ಚಿಕ್ಕದು. ತೋಟದ ಸಾರಜನಕ ಗೊಬ್ಬರ, ಹುರಿಯುವುದು, ಮನೆಯಲ್ಲಿ ನೀರು ಕಾಯಿಸುವುದು, ಹಾಲು, ಇವೇ ದೊಡ್ಡವು.

ಬೇಲೂರು ರಸ್ತೆ ಲಾರಿ

ನೂರು ಲೀಟರ್ ಸರಿ, ಶಿರಾಡಿ ತೆರೆದಿದ್ದರೆ. ಮಳೆಗಾಲದಲ್ಲಿ ದೋಣಿಗಲ್ ಬಳಿ ಗುಡ್ಡ ಜಾರಿದರೆ ಸಾಲಿನಲ್ಲಿ ಎಂಜಿನ್ ಚಾಲೂ ಇಟ್ಟು ನಿಲ್ಲುವ ಡೀಸೆಲ್ಲನ್ನು ಯಾರ ಖಾತೆಗೆ ಬರೆಯುತ್ತೀರಿ? ಚಾರ್ಮಾಡಿಯಲ್ಲಿ ಕಂಟೇನರ್ ಬಿಡುವುದಿಲ್ಲ. ಲಾರಿಯದು ಜಾಸ್ತಿ ಎಂದು ನಮ್ಮನ್ನು ಕಟಕಟೆಗೆ ನಿಲ್ಲಿಸಬೇಡಿ. ಹಡಗು ಘಾಟಿ ಹತ್ತುವುದಿಲ್ಲ.

ಕೈಮರ ಹುಡುಗ

ಲಾರಿ ಅಣ್ಣ, ನಿಮ್ಮನ್ನು ಯಾರೂ ಬೈದಿಲ್ಲ. ನನ್ನ ಪ್ರಶ್ನೆ ಬೇರೆ. ಕಿಲೋಗೆ ನೂರು ಗ್ರಾಂ ಎಂದರೆ ಹಡಗು ಸಾಧು ಪ್ರಾಣಿ ಎಂದಾಯಿತು. ಹಾಗಾದರೆ ಜಗತ್ತಿನ ಒಟ್ಟು ಹೊಗೆಯಲ್ಲಿ ಶೇ 3 ಹಡಗುಗಳದ್ದು ಎಂದು ಓದುತ್ತೇವಲ್ಲ, ಅದು ಹೇಗೆ?

ಭೌತಶಾಸ್ತ್ರ ಪಾಠ, ಚಿಕ್ಕಮಗಳೂರು

ಎರಡೂ ನಿಜ. ತಲಾ ಕಡಿಮೆ, ತಲೆಗಳು ಬಹಳ. ಜಗತ್ತಿನ ವ್ಯಾಪಾರದ ಸರಕಿನಲ್ಲಿ ಗಾತ್ರದ ಲೆಕ್ಕದಲ್ಲಿ ಶೇ 80ಕ್ಕೂ ಹೆಚ್ಚು ಸಾಗುವುದು ಸಮುದ್ರದಲ್ಲಿ. ವರ್ಷಕ್ಕೆ 30 ಕೋಟಿ ಟನ್‌ಗೂ ಹೆಚ್ಚು ಇಂಧನ. ಕಡಲ ಸಂಸ್ಥೆಯ ನಾಲ್ಕನೆಯ ಅಧ್ಯಯನದ ಪ್ರಕಾರ 2018ರಲ್ಲಿ ಹಡಗುಗಳ ಹಸಿರುಮನೆ ಅನಿಲ 107.6 ಕೋಟಿ ಟನ್, ಮನುಷ್ಯರ ಒಟ್ಟು ಹೊಗೆಯಲ್ಲಿ ಶೇ 2.89.

ನನ್ನನ್ನು ಕಾಡುವುದು ಇನ್ನೊಂದು. ಅಂತರರಾಷ್ಟ್ರೀಯ ಹಡಗಿನ ಹೊಗೆ ಯಾವ ದೇಶದ ಖಾತೆಗೂ ಸೇರುವುದಿಲ್ಲ. ಹವಾಮಾನದ ಕ್ಯೋಟೋ ಒಪ್ಪಂದದಲ್ಲೇ ಅದನ್ನು ಪಕ್ಕಕ್ಕಿಟ್ಟು ಕಡಲ ಸಂಸ್ಥೆಗೆ ಒಪ್ಪಿಸಿದರು. ಯಜಮಾನ ಒಂದು ದೇಶದವನು, ಬಾವುಟ ಪನಾಮಾ ಅಥವಾ ಲೈಬೀರಿಯಾದ್ದು, ನಾವಿಕರು ನಮ್ಮವರು ಮತ್ತು ಫಿಲಿಪ್ಪೀನ್ಸ್‌ನವರು, ಸರಕು ಇನ್ನೊಬ್ಬರದು. ಹೊಗೆ ಮಾತ್ರ ಯಾರದೂ ಅಲ್ಲ.

ಎಂಜಿನ್ ರೂಮ್, ಹಾಸನ

ಎಂಜಿನ್ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. 2006ರಲ್ಲಿ ನೀರಿಗಿಳಿದ ಎಮ್ಮಾ ಮರ್ಸ್ಕ್ ಹಡಗಿನ ಎಂಜಿನ್‌ಗೆ ಹದಿನಾಲ್ಕು ಸಿಲಿಂಡರ್, ಒಂದೊಂದರ ಅಗಲ 96 ಸೆಂ.ಮೀ., ಪಿಸ್ಟನ್ ಓಡಾಟ ಎರಡೂವರೆ ಮೀಟರ್. ತೂಕ 2,300 ಟನ್. ಪೂರ್ಣ ಬಲದಲ್ಲೂ ನಿಮಿಷಕ್ಕೆ ನೂರರ ಆಸುಪಾಸು ಸುತ್ತು ಮಾತ್ರ, ಪಕ್ಕದಲ್ಲಿ ನಿಂತು ಎಣಿಸಬಹುದು. ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಇಂತಹ ಎಂಜಿನ್ ತಿರುಗುಬಲವಾಗಿ ಕೊಡುತ್ತದೆ. ಪೆಟ್ರೋಲ್ ಕಾರಿಗೆ ಅದು ಕನಸು. ಎಂಜಿನ್ ಅಪ್ಪಟ ಚಿನ್ನ, ಅದಕ್ಕೆ ಉಣಿಸುವುದು ಮಾತ್ರ ಮಡ್ಡಿ.

ಉಳಿತಾಯದ ದೊಡ್ಡ ದಾರಿ ವೇಗದಲ್ಲಿದೆ. ನೀರಿನಲ್ಲಿ ವೇಗ ಹೆಚ್ಚಿಸಿದರೆ ಬೇಕಾಗುವ ಬಲ ಅದರ ಘನದಂತೆ ಏರುತ್ತದೆ. 24 ನಾಟ್‌ನಿಂದ (ನಾಟ್ ಎಂದರೆ ಹಡಗಿನ ವೇಗದ ಅಳತೆ) 18ಕ್ಕೆ ಇಳಿಸಿದರೆ ಎಂಜಿನ್ ಬಲ ಶೇ 42 ಸಾಕು. ಪ್ರಯಾಣಕ್ಕೆ ಹೆಚ್ಚು ಸಮಯ ಹಿಡಿದರೂ ಅದೇ ದೂರಕ್ಕೆ ಶೇ 44 ಇಂಧನ ಉಳಿಯುತ್ತದೆ. 2008ರ ಆರ್ಥಿಕ ಕುಸಿತದ ನಂತರ ಕಂಪನಿಗಳು ನಿಧಾನಕ್ಕೆ ಹೋಗಲು ಕಲಿತದ್ದು ಪರಿಸರದ ಮೇಲಿನ ಪ್ರೀತಿಯಿಂದಲ್ಲ, ಎಣ್ಣೆಯ ಬಿಲ್ ನೋಡಿ. ಈಗಲೂ ಎಷ್ಟೋ ಗುತ್ತಿಗೆಗಳಲ್ಲಿ ಮೊದಲು ಬಂದವರಿಗೆ ಮೊದಲ ಸರದಿ. ಹಾಗಾಗಿ ಓಡೋಡಿ ಬಂದು ಬಂದರಿನ ಹೊರಗೆ ನಿಂತು ಕಾಯುವುದು. ಕರಾವಳಿಯ ಮೇಡಂ ನೋಡುವ ದೀಪದ ಸಾಲಿನಲ್ಲಿ ಅಂತಹವೂ ಇರುತ್ತವೆ.

ಕ್ಯೂರಿಂಗ್ ಲೆಕ್ಕ

ಎಂಜಿನ್ ಸರ್, ನಿಮಗೆ ಇಂಧನ ಉಳಿಯುತ್ತದೆ, ನಮಗೆ ಬಡ್ಡಿ ಏರುತ್ತದೆ. ಒಂದು ಕಂಟೇನರ್ ಕಾಫಿ ಎಂದರೆ ಎಷ್ಟು ದುಡ್ಡು ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋದವು. ನಮ್ಮಿಂದ ಇಟಲಿಗೆ 8,500 ಕಿ.ಮೀ. ಇದ್ದದ್ದು 19 ಸಾವಿರದ ಹತ್ತಿರ. ಬಾಡಿಗೆ ಏರಿತು, ಪೆಟ್ಟಿಗೆ ಸಿಗದಾಯಿತು. ಆ ಅವಧಿಯ ಬಿಲ್ಲುಗಳಲ್ಲಿ ಬಾಡಿಗೆಗಿಂತ ಕೆಳಗಿನ ಸಾಲುಗಳೇ ಉದ್ದ: ಬಂಕರ್ (ಹಡಗಿನ ಇಂಧನದ) ಸರ್‌ಚಾರ್ಜ್, ಯುದ್ಧದ ಅಪಾಯದ ಸರ್‌ಚಾರ್ಜ್, 2024ರ ಜನವರಿಯಿಂದ ಯುರೋಪಿನ ಇಂಗಾಲ ಮಾರುಕಟ್ಟೆಯ ಸರ್‌ಚಾರ್ಜ್. ಯುರೋಪಿಗೆ ಹೊರಗಿನಿಂದ ಬರುವ ಹಡಗಿನ ಅರ್ಧ ಹೊಗೆಗೆ ಅವರು ದರ ಕಟ್ಟಿಸಿಕೊಳ್ಳುತ್ತಾರೆ.

ಹಾನುಬಾಳು ತೋಟ

ಅಂದರೆ ನನ್ನ ಖಾನೆಯಲ್ಲಿ ಆ ವರ್ಷ 102ರ ಬದಲು 230 ಗ್ರಾಂ ಬರೆಯಬೇಕಿತ್ತು. ತೋಟದಲ್ಲಿ ನಾನು ಏನು ಉಳಿಸಿದರೂ ಯೆಮನ್‌ನಲ್ಲಿ ಹಾರಿದ ಕ್ಷಿಪಣಿ ಅದನ್ನು ತಿಂದುಹಾಕುತ್ತದೆ. ಚೆನ್ನಾಗಿದೆ!

ಆಫ್ರಿಕಾ ಸುತ್ತುವ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮಾನ್ಸೂನ್ಡ್ ಮಲಬಾರ್ ಕಾಫಿ ಹುಟ್ಟಿದ್ದೇ ಆ ದಾರಿಯಲ್ಲಿ. ಹಾಯಿಹಡಗಿನ ಕಾಲದಲ್ಲಿ ನಮ್ಮ ಕಾಫಿ ತಿಂಗಳುಗಟ್ಟಲೆ ತೇವದ ಗಾಳಿಯಲ್ಲಿ ಆಫ್ರಿಕಾ ಸುತ್ತಿ ಹೋಗುವಾಗ ಬೀಜ ಊದಿಕೊಂಡು ಹಳದಿ ತಿರುಗುತ್ತಿತ್ತು, ಹುಳಿ ಇಳಿಯುತ್ತಿತ್ತು. 1869ರಲ್ಲಿ ಸೂಯೆಜ್ ತೆರೆದು ಹಬೆಹಡಗು ಬಂದ ಮೇಲೆ ಕಾಫಿ ಹಸಿರಾಗಿಯೇ ತಲುಪತೊಡಗಿತು. ಯುರೋಪಿನವರಿಗೆ ಆ ಹಳೆಯ ರುಚಿಯೇ ಬೇಕಾಯಿತು. ಆಮೇಲೆ ಮಂಗಳೂರಿನ ಗೋದಾಮುಗಳಲ್ಲಿ ಮಳೆಗಾಳಿಗೆ ಹರಡಿ ಅದನ್ನು ಮಾಡತೊಡಗಿದರು. ಒಂದು ಹನಿ ಎಣ್ಣೆ ಸುಡದೆ ಹೋದ ಕಾಫಿಯ ರುಚಿ ಅದು.

ಕೈಮರ ಹುಡುಗ

ಹಾಗಾದರೆ ಮತ್ತೆ ಹಾಯಿ ಕಟ್ಟಲಿ. ಇಲ್ಲವೇ ಬ್ಯಾಟರಿ ಇಡಲಿ. ಬಸ್ಸಿಗೇ ಬ್ಯಾಟರಿ ಬಂದಿದೆ.

ಭೌತಶಾಸ್ತ್ರ ಪಾಠ, ಚಿಕ್ಕಮಗಳೂರು

ಬ್ಯಾಟರಿ ಲೆಕ್ಕ ಮಾಡೋಣ. ದಿನಕ್ಕೆ 200 ಟನ್ ಸುಡುವ ಹಡಗು ಹದಿನೈದು ದಿನ ನಿಲ್ಲದೆ ಹೋಗಲು 3,000 ಟನ್ ಎಣ್ಣೆ. ಅರ್ಧ ಶಕ್ತಿ ಮಾತ್ರ ಪ್ರೊಪೆಲ್ಲರ್‌ಗೆ ಹೋಗುತ್ತದೆ ಎಂದು ಬಿಟ್ಟರೂ ಸುಮಾರು 1.7 ಕೋಟಿ ಯೂನಿಟ್ ವಿದ್ಯುತ್ ಬೇಕು. ಕಿಲೋಗೆ 0.2 ಯೂನಿಟ್ ಹಿಡಿಯುವ ಬ್ಯಾಟರಿಯಾದರೆ 84,000 ಟನ್. ಎಮ್ಮಾ ಮರ್ಸ್ಕ್ ಹೊರಬಲ್ಲ ಒಟ್ಟು ಭಾರದ ಅರ್ಧಕ್ಕೂ ಹೆಚ್ಚು ಬ್ಯಾಟರಿಯೇ ಆಯಿತು. ನದಿ ದಾಟುವ ದೋಣಿಗೆ ಆಗುತ್ತದೆ, ಸಾಗರಕ್ಕೆ ಸದ್ಯಕ್ಕಿಲ್ಲ.

ಹಾಯಿ ತಮಾಷೆಯಲ್ಲ. 2023ರಲ್ಲಿ ಪಿಕ್ಸಿಸ್ ಓಶನ್ ಎಂಬ ಸರಕು ಹಡಗಿಗೆ ಗಟ್ಟಿಯಾದ ಎತ್ತರದ ರೆಕ್ಕೆಗಳನ್ನು ನಿಲ್ಲಿಸಿ ಓಡಿಸಿದ್ದಾರೆ. ಎಂಜಿನ್‌ಗೆ ಬದಲಿಯಾಗಿ ಅಲ್ಲ, ನೆರವಿಗೆ.

ಎಂಜಿನ್ ರೂಮ್, ಹಾಸನ

ಮೆಥನಾಲ್ ಎಂಜಿನ್ ಹಡಗುಗಳು ಓಡುತ್ತಿವೆ. ದ್ರವರೂಪಕ್ಕೆ ತಂದ ನೈಸರ್ಗಿಕ ಅನಿಲದಲ್ಲಿ ಓಡುವ ಹಡಗುಗಳೂ ಇವೆ, ಗಂಧಕ ಇಲ್ಲ, ಮಸಿ ಕಡಿಮೆ. ಆದರೆ ಎಂಜಿನ್‌ನಲ್ಲಿ ಸುಡದೆ ಜಾರಿಹೋಗುವ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಬಿಸಿಯೇರಿಸುತ್ತದೆ. ಮುಂದಿನ ಮಾತು ಅಮೋನಿಯಾ. ಇಂಗಾಲವೇ ಇಲ್ಲ. ಆದರೆ ಮುಚ್ಚಿದ ಎಂಜಿನ್ ರೂಮಿನಲ್ಲಿ ಆ ವಿಷಾನಿಲ ಸೋರಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ಕಾಗದದ ಮೇಲೆ ಯೋಜನೆ ಬರೆಯುವವರು ಒಂದು ಪಾಳಿ ಕೆಳಗೆ ನಿಂತು ನೋಡಬೇಕು.

ಕರಾವಳಿ ಸೊಸೆ

ಎಣ್ಣೆ ಸುಡುವ ಮಾತಷ್ಟೇ ಆಯಿತು. ಸುಡದೆ ಚೆಲ್ಲುವುದೂ ಇದೆಯಲ್ಲ. 2025ರ ಮೇ 25ರಂದು ಕೊಚ್ಚಿ ಬಳಿ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನಲ್ಲಿ 640 ಕಂಟೇನರ್, 367 ಟನ್ ಫರ್ನೇಸ್ ಆಯಿಲ್ ಇತ್ತು. ದಡಕ್ಕೆ ಬಂದ ಪ್ಲಾಸ್ಟಿಕ್ ಕಾಳುಗಳನ್ನು ಜನ ಮರಳಿನಿಂದ ಜರಡಿ ಹಿಡಿದು ಆರಿಸಿದರು. ನಮ್ಮ ಮೀನುಗಾರರೂ ಆ ವಾರ ಮೀನು ಮಾರಲು ಪಟ್ಟ ಪಾಡು ನನಗೆ ಗೊತ್ತು.

ಕುದುರೆಮುಖ ಕ್ವಾರ್ಟರ್ಸ್

ಗಣಿಯ ಹಳೆಯ ನೌಕರ, ಒಂದೇ ಮಾತು. ನಮ್ಮ ಕುದುರೆಮುಖ ಗುಡ್ಡದ ಕಬ್ಬಿಣದ ಅದಿರು 67 ಕಿ.ಮೀ. ಕೊಳವೆಯಲ್ಲಿ ನೀರಿನೊಂದಿಗೆ ಪಣಂಬೂರಿಗೆ ಇಳಿದು ಹಡಗು ಹತ್ತುತ್ತಿತ್ತು. ಗಣಿ ನಿಂತದ್ದು 2005ರ ಕೊನೆಗೆ. ಆಗ ಭದ್ರಾ ನದಿಯ ಕೆಸರಿನ ಬಗ್ಗೆ ದೊಡ್ಡ ಹೋರಾಟ ಆಯಿತು, ಆಗಬೇಕಾದದ್ದೇ. ಹಡಗಿನ ಹೊಗೆಯ ಬಗ್ಗೆ ಒಬ್ಬರೂ ಬಾಯಿ ಬಿಟ್ಟದ್ದು ನೆನಪಿಲ್ಲ. ಈಗ ಕಾಫಿ ಚೀಲಕ್ಕೆ ಗ್ರಾಂ ಲೆಕ್ಕದಲ್ಲಿ ಕೇಳುತ್ತಿದ್ದಾರೆ.

ಕ್ಯೂರಿಂಗ್ ಲೆಕ್ಕ

ದುಡ್ಡಿನ ಮಾತಿಗೆ ಬರೋಣ. ಕಿಲೋ ಕಾಫಿಗೆ 102 ಗ್ರಾಂ ಇಂಗಾಲ ಎಂದರೆ ಸುಟ್ಟ ಎಣ್ಣೆ 33 ಗ್ರಾಂ. ಹಡಗಿನ ಎಣ್ಣೆ ಟನ್‌ಗೆ 50,000 ರೂಪಾಯಿ ಎಂದಿಟ್ಟರೆ ಒಂದು ರೂಪಾಯಿ 65 ಪೈಸೆ. ಶುದ್ಧ ಇಂಧನ ಮೂರು ಪಟ್ಟು ದುಬಾರಿ ಎಂದೇ ಇಟ್ಟುಕೊಳ್ಳಿ. ಕಿಲೋಗೆ ಹೆಚ್ಚಾಗುವುದು ಮೂರು ರೂಪಾಯಿ 30 ಪೈಸೆ. ಮಿಲಾನ್‌ನಲ್ಲಿ ಒಂದು ಕಿಲೋ ಪುಡಿಯಿಂದ ನೂರಕ್ಕೂ ಹೆಚ್ಚು ಎಸ್ಪ್ರೆಸ್ಸೋ ಇಳಿಸುತ್ತಾರೆ. ಒಂದು ಲೋಟಕ್ಕೆ ಮೂರು ಪೈಸೆ.

ಕೈಮರ ಹುಡುಗ

ಮೂರು ಪೈಸೆಗಾಗಿ ಇಷ್ಟು ವರ್ಷ ಸಭೆ ಮಾಡುತ್ತಿದ್ದಾರೆಯೇ?

ಹಾನುಬಾಳು ತೋಟ

ತಮ್ಮಾ, ಆ ಮೂರು ರೂಪಾಯಿ ಮಿಲಾನ್‌ನಲ್ಲಿ ಕಟ್ಟುವುದಿಲ್ಲ. ಖರೀದಿ ದರದಲ್ಲಿ ಕಡಿದುಕೊಂಡು ಹಾನುಬಾಳಿನಲ್ಲಿ ಕಟ್ಟಿಸುತ್ತಾರೆ. ಆದರೂ ಕಾಫಿಗೆ ತಡೆದುಕೊಳ್ಳಬಹುದು. ನನಗೆ ಭಯ ಬರುವ ಸರಕಿನತ್ತ ಹೋಗಿ: ಪೊಟ್ಯಾಷ್. ನಾವು ಹಾಕುವ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹಡಗಿನಲ್ಲೇ ಬರುತ್ತದೆ. ಕ್ಯೂರಿಂಗ್‌ನವರೇ, ಅದರ ಲೆಕ್ಕ ಹಾಕಿ.

ಕ್ಯೂರಿಂಗ್ ಲೆಕ್ಕ

ಕೆನಡಾದ ಪಶ್ಚಿಮ ತೀರದಿಂದ ಮಂಗಳೂರಿಗೆ ಸುಮಾರು 17 ಸಾವಿರ ಕಿ.ಮೀ. ಬಿಡಿ ಸರಕಿನ ದೊಡ್ಡ ಹಡಗು ಕಂಟೇನರ್ ಹಡಗಿಗಿಂತ ಮಿತವ್ಯಯಿ, ಟನ್-ಕಿಲೋಮೀಟರಿಗೆ 5 ಗ್ರಾಂ ಎನ್ನಿ. ಕಿಲೋಗೆ 85 ಗ್ರಾಂ ಇಂಗಾಲ, 27 ಗ್ರಾಂ ಎಣ್ಣೆ. ಇಂಧನ ಮೂರು ಪಟ್ಟಾದರೆ 50 ಕಿಲೋ ಮೂಟೆಗೆ ಹೆಚ್ಚಾಗುವುದು 130ರಿಂದ 140 ರೂಪಾಯಿ.

ತೋಟದವರು ಮುಟ್ಟಿದ್ದು ಸರಿಯಾದ ಜಾಗವನ್ನೇ. ಬೆಲೆಬಾಳುವ ಸರಕಿಗೆ ಹೊಗೆಯ ದರ ತಾಗುವುದೇ ಇಲ್ಲ. ಗೊಬ್ಬರ, ಕಲ್ಲಿದ್ದಲು, ಧಾನ್ಯ ಇವಕ್ಕೆ ತಾಗುತ್ತದೆ.

ಭೌತಶಾಸ್ತ್ರ ಪಾಠ, ಚಿಕ್ಕಮಗಳೂರು

ಅದಕ್ಕೇ ಸಭೆಗಳು ಮುರಿಯುವುದು. 2023ರಲ್ಲಿ ಕಡಲ ಸಂಸ್ಥೆ 2050ರ ಆಸುಪಾಸಿಗೆ ಹಡಗಿನ ಹೊಗೆಯನ್ನು ನಿವ್ವಳ ಸೊನ್ನೆಗೆ ತರುವ ಗುರಿ ಹಾಕಿಕೊಂಡಿತು. ಹೊಗೆಗೆ ದರ ಕಟ್ಟುವ ಚೌಕಟ್ಟಿಗೆ 2025ರ ಏಪ್ರಿಲ್‌ನಲ್ಲಿ ಒಪ್ಪಿಗೆಯೂ ಸಿಕ್ಕಿತು. ಅಕ್ಟೋಬರ್‌ನಲ್ಲಿ ಅಂತಿಮವಾಗಿ ಅಂಗೀಕರಿಸಬೇಕಿದ್ದ ಸಭೆ ಒಂದು ವರ್ಷ ಮುಂದೂಡಿತು. ಹೀಗೆ ಬರುವ ಹಣ ಯಾರಿಗೆ ಹೋಗಬೇಕು ಎಂಬುದು ನನ್ನ ಪ್ರಕಾರ ಮುಖ್ಯ ಪ್ರಶ್ನೆ. ಗೊಬ್ಬರದ ಮೂಟೆಯಿಂದ ಕಿತ್ತ 130 ರೂಪಾಯಿ ಶ್ರೀಮಂತ ಬಂದರಿನ ಹೊಸ ಟ್ಯಾಂಕ್ ಕಟ್ಟಲು ಹೋದರೆ ನಾನೂ ತೋಟದವರ ಪಕ್ಷ. ದಡದ ಕರೆಂಟಿಗೆ, ಮೇಡಂ ಇರುವಂತಹ ಊರಿಗೆ ಬಂದರೆ ಒಪ್ಪುತ್ತೇನೆ.

ಕರಾವಳಿ ಸೊಸೆ

ನಾನು ಅಷ್ಟು ದೂರ ಕಾಯಲಾರೆ. ಅರಬ್ಬಿ ಸಮುದ್ರದ ತೀರಕ್ಕೂ ಶೇ 0.1ರ ಮಿತಿ ಬರಲಿ. ಎಣ್ಣೆ ಇದೆ, ಎಂಜಿನ್ ಅದೇ, ಬದಲಿಸುವ ವಿಧಾನ ಎಂಜಿನ್ ಸರ್‌ಗೆ ಗೊತ್ತಿದೆ. ಹೊಸದಾಗಿ ಕಂಡುಹಿಡಿಯಬೇಕಾದದ್ದು ಏನೂ ಇಲ್ಲ.

ಎಂಜಿನ್ ರೂಮ್, ಹಾಸನ

ಒಪ್ಪಿದೆ ಮೇಡಂ. ಪೂರ್ತಿ ಒಪ್ಪಿದೆ.

ತೋಟದವರಿಗೆ: ಸಮುದ್ರದ ಖಾನೆಯಲ್ಲಿ ನೀವು ಏನನ್ನೂ ಊಹಿಸಿ ಬರೆಯಬೇಡಿ. ಯಾವ ಹಡಗು, ಕೊಲಂಬೋದಲ್ಲಿ ಪೆಟ್ಟಿಗೆ ಬದಲಾಯಿತೇ, ಸೂಯೆಜ್ ಮೂಲಕ ಹೋಯಿತೇ ಎಂಬುದು ನಿಮಗೆ ತಿಳಿಯುವುದಿಲ್ಲ. ಮಂಗಳೂರಿನಿಂದ ಕೊಲಂಬೋಗೆ ಹೋಗುವ ಚಿಕ್ಕ ಫೀಡರ್ ಹಡಗು ಟನ್‌ಗೆ ದೊಡ್ಡ ಹಡಗಿಗಿಂತ ಹೆಚ್ಚು ಸುಡುತ್ತದೆ, ಅದನ್ನೂ ಸೇರಿಸಬೇಕು. ಹಡಗು ಕಂಪನಿಯಿಂದ ರಫ್ತುದಾರರೇ ಕೇಳಿ ಪಡೆಯಲಿ.

ಹಾನುಬಾಳು ತೋಟ

ಹಾಗೆಯೇ ಮಾಡಿದೆ. ಲಾರಿಯ ಡೀಸೆಲ್ ಬರೆದು, ಸಮುದ್ರದ ಖಾನೆಯಲ್ಲಿ ‘ಹಡಗು ಕಂಪನಿಯನ್ನು ಕೇಳಿ’ ಎಂದು ಹಾಕಿ ಕಳುಹಿಸಿದ್ದೇನೆ. ಮಾದರಿಯನ್ನು ವಿಮಾನದಲ್ಲಿ ಕಳುಹಿಸಿದ್ದರ ಲೆಕ್ಕ ಏಕೆ ಕೇಳಿಲ್ಲ ಎಂದು ಕೆಳಗೆ ಒಂದು ಸಾಲು ಸೇರಿಸಿದೆ. ಉತ್ತರ ಬಂದರೆ ಇಲ್ಲಿ ಹಾಕುತ್ತೇನೆ.

ಬೇಲೂರು ರಸ್ತೆ ಲಾರಿ

ಕಂಟೇನರ್ ಖಾಲಿ ಹತ್ತುವ ಮಾತು ಬಂತಲ್ಲ. ಪೆಟ್ಟಿಗೆಯೊಳಗೆ ಗೊಬ್ಬರ ಹಾಕಿದರೆ ಮುಂದಿನ ಸಲ ಕಾಫಿ ತುಂಬಲು ಬಿಡುವುದಿಲ್ಲ, ವಾಸನೆ ಹಿಡಿಯುತ್ತದೆ. ಆದರೆ ಪಾರ್ಚ್‌ಮೆಂಟ್, ಚೆರಿ (ತೋಟದಲ್ಲಿ ಒಣಗಿಸಿದ ಕಾಫಿ) ಇಳಿಸುವ ನಮ್ಮ ಸಾದಾ ಲಾರಿಗಳು ಎಷ್ಟೋ ಸಲ ಮಂಗಳೂರಿನಿಂದ ಬರಿದಾಗಿ ಬರುತ್ತವೆ. ಪೊಟ್ಯಾಷ್ ಬೇಕಾದವರು ನಾಲ್ಕೈದು ಮಂದಿ ಸೇರಿ ಹೇಳಿದರೆ ಹತ್ತುವಾಗ ತಂದುಕೊಡುತ್ತೇನೆ. ಮಳೆ ಹಿಡಿಯುವ ಮೊದಲೇ ಹೇಳಿ.